ಬೆಲೆಯೂ ಋಣವೂ

ಉಣ್ಣುವವನು ಆಹಾರಕ್ಕೆ ಬೆಲೆಯನ್ನು ತೆತ್ತ ಮಾತ್ರಕ್ಕೆ ಅದನ್ನು ಚೆಲ್ಲುವ ಅಧಿಕಾರವೂ ಅವನಿಗೆ ಬರುತ್ತದೆಯೇ? ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದು. ಆದರೆ ಹೊರಗೆ ಉಣ್ಣುವುದು ಅನೇಕ ಕುಟುಂಬಗಳಿಗೆ ವಾಡಿಕೆಯಾಗಿರುವ ಈ ಕಾಲದಲ್ಲಿ ಇದನ್ನು ವಿಚಾರಿಸದೆ ಬಿಡುವುದು ಯುಕ್ತವಲ್ಲ. ವಿಚಾರಕ್ಕೆ ತಕ್ಕ ಉದಾಹರಣೆಯೊಂದು ಅಮೆರಿಕಾ ದೇಶದಲ್ಲಿ ದೊರೆಯುತ್ತದೆ. ಕೊರಿಯಾದಿಂದ ಹೋಗಿ ನೆಲಸಿದವರು ಬಹುಸಂಖ್ಯೆಯಲ್ಲಿರುವ ಲಾಸ್ ಏಂಜಲೀಸ್ ನಗರದಲ್ಲಿಯೂ ಇತರ ಪಟ್ಟಣಗಳಲ್ಲಿಯೂ ಕೊರಿಯಾದ ಸುಟ್ಟ ಮಾಂಸವನ್ನೂ ಜಪಾನಿನ ಸುಶಿಯನ್ನೂ ಒಂದೇ ಸೂರಿನಡಿಯಲ್ಲಿ ಬಡಿಸುವ ಭೋಜನಶಾಲೆಗಳುಂಟು. ಅವುಗಳಲ್ಲಿ ಹಲವು ತಲೆಗೆ ಇಷ್ಟೆಂದು ಒಂದೇ ದರವನ್ನು ಗೊತ್ತುಮಾಡಿ, ಬೇಕಾದಷ್ಟು ಉಣ್ಣಿರೆಂದು ಗಿರಾಕಿಗಳನ್ನು ಕರೆಯುತ್ತವೆ.

ಈ ಎರಡು ಪಾಕಗಳ ಸ್ವರೂಪವನ್ನು ಮೊದಲು ತಿಳಿಯಬೇಕು. ಕೊರಿಯಾದ ಪದ್ಧತಿಯಲ್ಲಿ ಒಲೆಯು ಮೇಜಿನ ನಡುವೆಯೇ ಇರುತ್ತದೆ. ಹೆಚ್ಚಿದ ಮಾಂಸವನ್ನು ಅದರ ಮೇಲೆ ಸುಟ್ಟು, ಕತ್ತರಿಯಿಂದ ತುಂಡರಿಸಿ, ಸೊಪ್ಪಿನ ಎಲೆಯಲ್ಲಿ ಸುತ್ತಿ, ಒಂದೊಂದು ತುತ್ತಾಗಿ ಬಾಯಿಗಿಡುತ್ತಾರೆ. ಸುತ್ತಲೂ ಕಿಮ್ಚಿ ಮೊದಲಾದ ವ್ಯಂಜನಗಳು ಪುಟ್ಟ ಬಟ್ಟಲುಗಳಲ್ಲಿ ಬರುತ್ತವೆ. ಬರಿದಾದರೆ ಮತ್ತೆ ತುಂಬಿಕೊಡುವುದು ಸಂಪ್ರದಾಯ. ಹಿರಿಯರು ಚಮಚವನ್ನೆತ್ತುವ ಮೊದಲು ಕಿರಿಯರು ಉಣ್ಣತೊಡಗುವುದು ಅಲ್ಲಿ ಮರ್ಯಾದೆಯಲ್ಲ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸುಶಿಯಾದರೋ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಈಗ ಟೋಕಿಯೋ ಎನಿಸಿಕೊಂಡಿರುವ ಎಡೋ ಪಟ್ಟಣದಲ್ಲಿ ರೂಢಿಗೆ ಬಂದಿತು. ಹುಳಿರಸವನ್ನು ಬೆರಸಿದ ಅನ್ನದ ಸಣ್ಣ ಮುದ್ದೆ, ಅದರ ಮೇಲೊಂದು ಮೀನಿನ ಹೋಳು. ಬಾಣಸಿಗನು ಕೈಯಿಂದಲೇ ಒತ್ತಿ ಒಂದೊಂದಾಗಿ ಮುಂದಿಡುತ್ತಾನೆ. ಸುಶಿ ಎಂಬ ಹೆಸರು ಹುಳಿಯಿಂದ ಬಂದುದೇ ಹೊರತು ಮೀನಿನಿಂದ ಬಂದುದಲ್ಲ.

ಹೀಗೆ ಮಿತವೆಂಬುದು ಈ ಎರಡು ಪಾಕಗಳ ರೂಪದಲ್ಲಿಯೇ ಅಡಗಿದೆ. ಒಲೆಯು ಒಮ್ಮೆಗೆ ಹಿಡಿಯುವಷ್ಟನ್ನೇ ಸುಡುತ್ತದೆ. ಕೈಯು ಒಮ್ಮೆಗೆ ಒಂದನ್ನೇ ಒತ್ತುತ್ತದೆ. ತುತ್ತಿಗೂ ತುತ್ತಿಗೂ ನಡುವಣ ವಿರಾಮದಲ್ಲಿ ಹೊಟ್ಟೆಯು ಸಾಕೆನ್ನುವುದು ಉಣ್ಣುವವನಿಗೆ ಕೇಳಿಸುತ್ತದೆ. ಒಂದೇ ದರದ ಏರ್ಪಾಡು ಕೆಡಿಸುವುದು ಈ ವಿರಾಮವನ್ನೇ. ದರವನ್ನು ತೆತ್ತವನು ಹಸಿವನ್ನು ಬಿಟ್ಟು ಹಣವನ್ನು ಎಣಿಸತೊಡಗುತ್ತಾನೆ. ಹೆಚ್ಚು ತರಿಸಿದಷ್ಟೂ ಲಾಭವೆಂದು ಬಗೆಯುತ್ತಾನೆ. ಕೆಲವರು ಮೀನನ್ನು ಮಾತ್ರ ಎತ್ತಿ ತಿಂದು ಅನ್ನವನ್ನು ತಟ್ಟೆಯಲ್ಲಿ ಉಳಿಸುವುದುಂಟು. ಇದನ್ನು ತಡೆಯಲು ಅನೇಕ ಭೋಜನಶಾಲೆಯವರು, ಉಳಿಸಿದುದಕ್ಕೆ ಬೇರೆ ಹಣವನ್ನು ತೆರಬೇಕೆಂದು ನಿಯಮ ಮಾಡಿದ್ದಾರೆ.

ದಂಡದಿಂದ ಧರ್ಮವು ನೆಲೆಗೊಳ್ಳುವುದೇ? ದಕ್ಷಿಣ ಕೊರಿಯಾದ ಸರಕಾರವು ಉಳಿದ ಆಹಾರವನ್ನು ಹಾಗೆಯೇ ನೆಲದಲ್ಲಿ ಹೂಳುವುದನ್ನು 2005ರಲ್ಲಿ ನಿಷೇಧಿಸಿತು. ಚೆಲ್ಲಿದ ಪ್ರಮಾಣಕ್ಕೆ ತಕ್ಕ ಶುಲ್ಕವನ್ನು ತೆರುವ ಕ್ರಮವನ್ನು 2013ರಲ್ಲಿ ದೇಶದಲ್ಲೆಲ್ಲ ಜಾರಿಗೆ ತಂದಿತು. ಚೆಲ್ಲಿದ್ದು ಈಗ ಬಹುಮಟ್ಟಿಗೆ ಗೊಬ್ಬರವಾಗಿಯೂ ಪಶುಗಳ ಮೇವಾಗಿಯೂ ಮಾರ್ಪಡುತ್ತದೆ. ಇದು ಶ್ಲಾಘ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ದಂಡವು ಕ್ರಮೇಣ ಬೆಲೆಯೇ ಆಗಿಬಿಡುವ ಅಪಾಯವುಂಟು. ಸಿರಿವಂತನು ದಂಡವನ್ನು ತೆತ್ತು, ಚೆಲ್ಲುವ ಹಕ್ಕನ್ನೂ ಕೊಂಡುಕೊಂಡೆನೆಂದು ಭಾವಿಸಬಹುದು.

ಬೆಲೆಯು ತೀರಿಸುವುದು ಮಾರಿದವನ ಲೆಕ್ಕವನ್ನು. ಬೆಳೆದ ನೆಲಕ್ಕೂ ಕೊಟ್ಟ ಕಡಲಿಗೂ ಅದು ಮುಟ್ಟುವುದಿಲ್ಲ. 2019ರ ಜನವರಿಯಲ್ಲಿ ಟೋಕಿಯೋದ ಟೊಯೊಸು ಮೀನುಪೇಟೆಯ ಹರಾಜಿನಲ್ಲಿ 278 ಕಿಲೋಗ್ರಾಂ ತೂಕದ ಒಂದು ಬ್ಲೂಫಿನ್ ಟ್ಯೂನ ಮೀನು 33 ಕೋಟಿ 36 ಲಕ್ಷ ಯೆನ್‌ಗಳಿಗೆ ಮಾರಿತು. ಅಷ್ಟು ಹಣವೂ ಕಡಲಿನಲ್ಲಿ ಇನ್ನೊಂದು ಮೀನನ್ನು ಹುಟ್ಟಿಸಲಾರದು. ಅಟ್ಲಾಂಟಿಕ್ ಸಾಗರದ ಇದೇ ಬಗೆಯ ಮೀನು ಮಿತಿಯಿಲ್ಲದ ಬೇಟೆಯಿಂದ ಕ್ಷೀಣಿಸಿ, 2011ರಲ್ಲಿ ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತ್ತು. ಇಷ್ಟೇ ಹಿಡಿಯತಕ್ಕದ್ದೆಂದು ರಾಷ್ಟ್ರಗಳು ಮಿತಿಯನ್ನು ಗೊತ್ತುಮಾಡಿ ನಡೆದುಕೊಂಡ ಮೇಲೆ, 2021ರಲ್ಲಿ ಅದು ಆ ಭೀತಿಯಿಂದ ಪಾರಾಯಿತೆಂದು ಎಣಿಸಲ್ಪಟ್ಟಿತು. ಕಡಲಿನ ಋಣವನ್ನು ಅಷ್ಟಿಷ್ಟು ತೀರಿಸಿದ್ದು ಸಂಯಮವೇ ಹೊರತು ಹಣವಲ್ಲ.

ಮಾಂಸಾಹಾರವು ಉಚಿತವೋ ಅನುಚಿತವೋ ಎಂಬುದು ಬೇರೆಯ ವಾದ. ಕೊಂದು ತಿನ್ನುವುದನ್ನು ಸಮರ್ಥಿಸುವವರು ಉಂಟು, ನಿಂದಿಸುವವರೂ ಉಂಟು. ಕೊಂದು ತಿನ್ನದೆ ಎಸೆಯುವುದನ್ನು ಸಮರ್ಥಿಸುವವರು ಯಾವ ಪಕ್ಷದಲ್ಲಿಯೂ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ತಟ್ಟೆಯಲ್ಲಿ ಉಳಿದುದು ಹೇಗೂ ಹಸಿದವನಿಗೆ ಸೇರದು. ತುಂಬಿದ ಹೊಟ್ಟೆಗೆ ಅದನ್ನು ತುರುಕುವುದರಿಂದ ಯಾರಿಗೇನು ಪ್ರಯೋಜನ? ಆಕ್ಷೇಪವು ನ್ಯಾಯವಾದುದೇ. ದಂಡಕ್ಕೆ ಹೆದರಿ ಅತಿಯಾಗಿ ಉಣ್ಣುವವನು ಪಾತ್ರೆಗೆ ಚೆಲ್ಲಬೇಕಾದುದನ್ನು ದೇಹಕ್ಕೆ ಚೆಲ್ಲುತ್ತಾನೆ, ಅಷ್ಟೆ. ಆದರೆ ಇದರಿಂದ ಸಿದ್ಧವಾಗುವುದೇನು? ದೋಷವು ಉಳಿಸುವ ಹೊತ್ತಿನಲ್ಲಿ ಹುಟ್ಟಿದುದಲ್ಲ, ಬೇಕೆಂದು ಕೇಳಿದ ಹೊತ್ತಿನಲ್ಲಿಯೇ ಹುಟ್ಟಿತು. ಆದಕಾರಣ ಪರಿಹಾರವೂ ಅಲ್ಲಿಯೇ ಇರತಕ್ಕದ್ದು: ಕೊಂಚವೇ ತರಿಸಿ, ಉಂಡು, ಹಸಿವಿದ್ದರೆ ಮತ್ತೆ ಕೇಳುವುದು. ಮಕ್ಕಳಿಗೆ ಕಲಿಸಬೇಕಾದುದೂ ಇದನ್ನೇ.

ಜಪಾನಿನವರು ಊಟಕ್ಕೆ ಮುನ್ನ ಹೇಳುವ ‘ಇತದಕಿಮಸು’ ಎಂಬ ಮಾತಿಗೆ ವಿನಯದಿಂದ ಸ್ವೀಕರಿಸುತ್ತೇನೆ ಎಂದರ್ಥ. ಊಟವಾದ ಮೇಲಣ ಕೃತಜ್ಞತೆಯ ಮಾತಿನಲ್ಲಿ, ಉಣಿಸುವುದಕ್ಕಾಗಿ ಓಡಾಡಿದವರ ಶ್ರಮವನ್ನು ಸೂಚಿಸುವ ಪದವಿದೆ. ಹಣ ಕೊಟ್ಟು ಉಣ್ಣುವಲ್ಲಿಯೂ ಅವರು ಈ ಮಾತುಗಳನ್ನು ಆಡುತ್ತಾರೆ. ಕನ್ನಡಿಗರು ಅನ್ನದ ಋಣ ಎನ್ನುವಾಗಲೂ ಇದೇ ಅರಿವು ಇರುತ್ತದೆ. ಬೆಲೆಯನ್ನು ತೆತ್ತವನಿಗೆ ಉಣ್ಣುವ ಅಧಿಕಾರವುಂಟು. ಚೆಲ್ಲುವ ಅಧಿಕಾರವನ್ನು ಮಾರಬಲ್ಲ ಅಂಗಡಿಯು ಎಲ್ಲಿಯೂ ಇಲ್ಲ.