ತಾಳೆಯಾಗದ ಹೆಸರಿನ ಭಾರ

ನಮ್ಮ ಮೂಡಿಗೆರೆ ಕಡೆ ಒಬ್ಬನೇ ಮನುಷ್ಯ ಸರ್ಕಾರದ ಐದು ಕಡತಗಳಲ್ಲಿ ಐದು ಹೆಸರಿನಿಂದ ಇರುವುದು ಅಪರೂಪವೇನಲ್ಲ. ಮಂಜೇಗೌಡ ಎಂದಿಟ್ಟುಕೊಳ್ಳಿ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಆತ ‘ಮಂಜೇಗೌಡ ಬಿನ್ ತಿಮ್ಮೇಗೌಡ’. ಆಧಾರ್‌ನಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರ ತಿರುಗಿಸಿದ ‘ಮಂಜೆ ಗೌಡ ಟಿ’. ಶಾಲೆಯ ದಾಖಲೆಯಲ್ಲಿ, ಮೇಷ್ಟ್ರು ಇನ್ನೂ ಚೆನ್ನಾಗಿರಲಿ ಎಂದು ಬರೆದ ‘ಮಂಜುನಾಥ’. ಬ್ಯಾಂಕಿನಲ್ಲಿ ‘ಟಿ.ಎಂ. ಗೌಡ’. ಪಡಿತರ ಚೀಟಿಯಲ್ಲಿ, ಮನೆಯವರು ಹೇಳಿದ್ದನ್ನೇ ಬರೆದುಕೊಂಡ ‘ಮಂಜಯ್ಯ’. ಊರಿನಲ್ಲಿ ಇದ್ಯಾವುದೂ ಅಲ್ಲ, ಮೇಲಿನ ತೋಟದ ಮಂಜಣ್ಣ.

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಪ್ರತಿಯೊಂದು ಹೆಸರೂ ಆಯಾ ಕಚೇರಿಯ ಬೀರುವಿನೊಳಗೆ ಸರಿಯಾಗಿಯೇ ಇತ್ತು. ಬೀರುಗಳು ಒಂದರೊಡನೊಂದು ಮಾತನಾಡುತ್ತಿರಲಿಲ್ಲವಾದ್ದರಿಂದ ತೊಂದರೆಯೂ ಇರಲಿಲ್ಲ. ಈಗ ಮಾತನಾಡುತ್ತಿವೆ. ಹಾಗೆ ಅವುಗಳನ್ನು ಮಾತನಾಡಿಸುವ ಕೆಲಸದಲ್ಲಿಯೇ ನಾನು ಬೆಂಗಳೂರಿನಲ್ಲಿ ಹಲವು ವರ್ಷ ಸಂಬಳ ತೆಗೆದುಕೊಂಡವನು. ಊರಿಗೆ ಮರಳಿ ತೋಟ ನೋಡಿಕೊಂಡಿರುವ ಈಗ, ಆಗ ಯಾವ ಸಭೆಯಲ್ಲೂ ಕೇಳಿಬರದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಸರ್ಕಾರದ ಎರಡು ಕಚೇರಿಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದಾಗ ಅದರ ಭಾರವನ್ನು ಯಾರು ಹೊರಬೇಕು?

ಆ ಕೆಲಸಕ್ಕೆ ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂಬ ದೊಡ್ಡ ಹೆಸರಿದೆ. ವಿಷಯ ಅಷ್ಟು ಕಷ್ಟದ್ದಲ್ಲ. ಒಂದು ದೊಡ್ಡ ಸಂಸ್ಥೆಯಲ್ಲಿ ಏನೇನು ಕೆಲಸ ನಡೆಯುತ್ತದೆ, ಯಾವ ಮಾಹಿತಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವ ತಂತ್ರಾಂಶ ಯಾವುದರ ಮೇಲೆ ನಿಂತಿದೆ ಎಂಬುದನ್ನೆಲ್ಲ ಒಂದೇ ನಕ್ಷೆಯಲ್ಲಿ ಬರೆದು, ಎಲ್ಲರೂ ಪಾಲಿಸಬೇಕಾದ ಮಾನಕಗಳನ್ನು ಗೊತ್ತುಮಾಡುವುದು. ಜಾನ್ ಜಾಕ್‌ಮನ್ ಎಂಬವರು 1987ರಲ್ಲಿ ಐಬಿಎಂ ಕಂಪನಿಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ವಿಚಾರ ಹೆಸರಾಯಿತು. 1996ರಲ್ಲಿ ಅಮೆರಿಕ ತನ್ನ ಇಲಾಖೆಗಳಿಗೆಲ್ಲ ಇಂಥ ನಕ್ಷೆ ಇರಬೇಕೆಂದು ಕಾನೂನು ಮಾಡಿತು. ನಮ್ಮ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ‘ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂಬ ಚೌಕಟ್ಟನ್ನು ಹೊರತಂದಿತು. ಅದರ ಆಸೆ ಸರಳ: ಜನಕ್ಕೆ ಸರ್ಕಾರ ಒಂದೇ ಆಗಿ ಕಾಣಬೇಕು. ಒಂದು ಕಿಟಕಿಯಲ್ಲಿ ಕೊಟ್ಟ ಕಾಗದವನ್ನೇ ಇನ್ನೊಂದು ಕಿಟಕಿ ಮತ್ತೆ ಕೇಳಬಾರದು.

ನಾನು ಇದನ್ನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಯಾಕೆಂದರೆ ಇದಿಲ್ಲದ ಕಾಲ ಹೇಗಿತ್ತೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಾನುಭೋಗರ ಕಾಲ ಕಳೆದು ಗ್ರಾಮಲೆಕ್ಕಿಗರು ಬಂದ ಮೇಲೂ ಪಹಣಿ ಪುಸ್ತಕ ಅವರ ಚೀಲದಲ್ಲೇ ಇರುತ್ತಿತ್ತು. ಅವರು ಸಿಕ್ಕಿದರೆ ಪಹಣಿ ಸಿಕ್ಕಿತು. ಬರೆದದ್ದನ್ನು ಹೊಡೆದು ಬರೆದರೂ ಕೇಳುವವರಿರಲಿಲ್ಲ. ಕಳಸ ಇನ್ನೂ ಮೂಡಿಗೆರೆ ತಾಲೂಕಿನಲ್ಲೇ ಇದ್ದಾಗ, ಅಲ್ಲಿಯ ಕೂಲಿಯವರೊಬ್ಬರು ತಾಲೂಕು ಕಚೇರಿಗೆ ಬರಬೇಕೆಂದರೆ ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಬಂದರೆ ‘ಸಾಹೇಬ್ರು ಫೀಲ್ಡಿಗೆ ಹೋಗಿದಾರೆ’.

2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. 15 ರೂಪಾಯಿ ಕೊಟ್ಟವರಿಗೆ ಪಹಣಿ. ಖಾತೆ ಬದಲಾವಣೆಯ ಅರ್ಜಿಗೆ ಬಂದ ಸರದಿಯೇ ಸರದಿ. ಹಿಂದೆ ಬಂದವರನ್ನು ಮುಂದೆ ಹಾಕಲು ಗುಮಾಸ್ತರಿಗೆ ತಂತ್ರಾಂಶ ಬಿಡುತ್ತಿರಲಿಲ್ಲ. ಜಾತಿ ನೋಡದ, ಮುಖ ನೋಡದ ಸರದಿ! ಮಾನಕ ಎಂಬ ಮಾತಿಗೆ ಒಂದು ನೈತಿಕ ಅರ್ಥವಿದೆ ಎಂದು ನನಗೆ ಮೊದಲು ತೋರಿದ್ದು ಇದರಿಂದಲೇ. ‘ಭೂಮಿ’ ಬಂದ ಮೇಲೆ ಬೆಂಗಳೂರಿನ ಅಂಚಿನಲ್ಲಿ ದೊಡ್ಡವರಿಗೆ ಜಮೀನು ಹುಡುಕಿ ಕೊಳ್ಳುವುದು ಸಲೀಸಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಆ ಟೀಕೆಯಲ್ಲಿ ಹುರುಳಿದೆ. ಆದರೂ ಚೀಲದ ಕಾಲಕ್ಕೆ ವಾಪಸು ಹೋಗಬೇಕು ಎನ್ನುವವರ ಜೊತೆ ನಾನಿಲ್ಲ.

ನನ್ನ ತಕರಾರು ಬೇರೆ. ಹಳೆಯ ಗ್ರಾಮಲೆಕ್ಕಿಗರು ಲಂಚ ತೆಗೆದುಕೊಂಡಿರಬಹುದು, ಸತಾಯಿಸಿರಬಹುದು. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಪಹಣಿಯ ಮಂಜೇಗೌಡನೂ ಬ್ಯಾಂಕಿನ ಟಿ.ಎಂ. ಗೌಡನೂ ಒಬ್ಬನೇ ಎಂಬುದನ್ನು ತಮ್ಮ ತಲೆಯಲ್ಲಿ ಇಟ್ಟುಕೊಂಡಿದ್ದರು. ಎರಡು ದಾಖಲೆಗಳ ನಡುವಿನ ಕಂದಕಕ್ಕೆ ಅವರೇ ಸಂಕ. ಸಂಕಕ್ಕೆ ಸುಂಕ ಇತ್ತು ಅನ್ನಿ. ನಾವು ನಕ್ಷೆ ಬರೆಯುವವರು ಸುಂಕದವನನ್ನು ತೆಗೆಯುವ ಭರದಲ್ಲಿ ಸಂಕವನ್ನೂ ತೆಗೆದೆವು. ಕಂದಕ ಎಲ್ಲೂ ಹೋಗಲಿಲ್ಲ. ಅದನ್ನು ದಾಟುವ ಹೊಣೆ ಅರ್ಜಿದಾರರ ಮೇಲೆ ಬಿತ್ತು.

2019ರ ಆಗಸ್ಟ್ ಮಳೆ ಈ ಕಡೆಯ ಯಾರಿಗೂ ಮರೆಯುವುದಿಲ್ಲ. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡವೇ ಜಾರಿ ಮನೆ ತೋಟಗಳು ಹೋದವು. ನಮ್ಮ ನೆರೆಯ ಒಬ್ಬ ಅಕ್ಕನದು ಅಷ್ಟು ದೊಡ್ಡ ನಷ್ಟವಲ್ಲ. ಗಂಡ ತೀರಿಕೊಂಡ ಮೇಲೆ ಖಾತೆಗೆ ಬಂದಿದ್ದ ಮೂರು ಎಕರೆಯಲ್ಲಿ ಹಳ್ಳದ ಬದಿಯ ಕಾಫಿ, ಮೆಣಸಿನ ಬಳ್ಳಿ ಸಮೇತ ಕೊಚ್ಚಿಹೋಗಿತ್ತು. ಮದುವೆಯಾಗಿ ಬಂದಾಗ ಗಂಡನ ಮನೆಯವರು ಅವರಿಗೆ ಬೇರೆ ಹೆಸರಿಟ್ಟಿದ್ದರು. ಪಹಣಿಯಲ್ಲಿ ಆ ಹೆಸರಿದೆ, ಮುಂದೆ ‘ಕೋಂ’ ಎಂದು ಗಂಡನ ಹೆಸರು. ಆಧಾರ್‌ನಲ್ಲಿ ತವರಿನ ಹೆಸರು. ಪರಿಹಾರದ ಹಣ ಬರಲಿಲ್ಲ. ನಾನೂ ಜೊತೆಗೆ ಹೋಗಿದ್ದೆ. ಆ ಕಚೇರಿಯ ಹುಡುಗ ಒರಟನೇನೂ ಅಲ್ಲ. ಪರದೆಯನ್ನು ನಮ್ಮ ಕಡೆ ತಿರುಗಿಸಿ, “ಅಮ್ಮಾ, ನಾನು ಹಾಕ್ತಾ ಇದೀನಿ, ಸಿಸ್ಟಮ್ಮೇ ತಗೊಳ್ತಾ ಇಲ್ಲ” ಎಂದ. ಅಫಿಡವಿಟ್ ಮಾಡಿಸಿ, ಪೇಪರಿನಲ್ಲಿ ಹಾಕಿಸಿ, ಇಬ್ಬರು ಸಾಕ್ಷಿ ಕರೆತನ್ನಿ ಎಂದು ಪಟ್ಟಿ ಬರೆದುಕೊಟ್ಟ. ಹೊರಗೆ ಬಂದ ಮೇಲೆ ಅಕ್ಕ, “ಅಲ್ಲ ಮಾರಾಯ, ಮಳೆ ನನ್ನ ಹೆಸರು ಕೇಳ್ಕೊಂಡು ಬಂತಾ?” ಎಂದರು. ಅವರು ನಗುತ್ತಿರಲಿಲ್ಲ.

ಇಲ್ಲಿ ಅನ್ಯಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಹುಡುಗ ನಿಯಮ ಪಾಲಿಸಿದ. ತಂತ್ರಾಂಶ ಬರೆದವರು ಬೇರೆಯವರ ಹಣ ಬೇರೆಯವರಿಗೆ ಹೋಗಬಾರದೆಂದು ಹಾಗೆ ಬರೆದರು. ಎರಡು ಹೆಸರೂ ಸರ್ಕಾರವೇ ಬರೆದುಕೊಂಡದ್ದು. ಆದರೆ ಸರ್ಕಾರದ ಎಡಗೈ ಬರೆದದ್ದಕ್ಕೂ ಬಲಗೈ ಬರೆದದ್ದಕ್ಕೂ ಹೊಂದಿಕೆಯಿಲ್ಲದಿದ್ದರೆ ಛಾಪಾ ಕಾಗದದ ಖರ್ಚು ಮಾತ್ರ ಅಕ್ಕನದು. ಎರಡು ಅಂಗಡಿಗಳ ಮಾಲೀಕ ಒಬ್ಬನೇ ಆಗಿದ್ದು, ಅವನ ಎರಡು ಲೆಕ್ಕದ ಪುಸ್ತಕ ಕೂಡದಿದ್ದರೆ ಗಿರಾಕಿಯನ್ನು ಕೂರಿಸಿ ಲೆಕ್ಕ ಮಾಡಿಸುವುದನ್ನು ನಾವು ಒಪ್ಪುತ್ತೇವೆಯೆ?

ಹಳೆಯ ದಾಖಲೆಗಳಲ್ಲಿ ಒಂದು ಪದವಿತ್ತು: ಉರುಫ್. ‘ಮಂಜೇಗೌಡ ಉರುಫ್ ಮಂಜುನಾಥ.’ ಪತ್ರ ಬರೆಯುವವರು ಕ್ರಯಪತ್ರದಲ್ಲಿ ಸರಾಗವಾಗಿ ಹಾಕುತ್ತಿದ್ದ ಪದ. ಬಿನ್, ಉರುಫ್, ಖರಾಬು, ದರಖಾಸ್ತು, ತಹಶೀಲ್ದಾರ್ ಇವೆಲ್ಲ ಅರಬ್ಬಿ ಪಾರ್ಸಿಯ ಪದಗಳು, ಪಹಣಿ ಮರಾಠಿಯದು. ಅಂದರೆ ಇಂದು ನಾವು ನಮ್ಮದೆಂದುಕೊಂಡಿರುವ ಕಂದಾಯದ ಭಾಷೆಯೂ ಒಂದು ಕಾಲದಲ್ಲಿ ಮೇಲಿನಿಂದ ಬಂದ ಮಾನಕವೇ. ಆದರೆ ಆ ಮಾನಕ ಮಾಡಿದವರಿಗೆ ಮನುಷ್ಯರಿಗೆ ಎರಡು ಹೆಸರಿರುತ್ತದೆ ಎಂದು ಗೊತ್ತಿತ್ತು, ಅದಕ್ಕೊಂದು ಜಾಗ ಬಿಟ್ಟಿದ್ದರು. ನಮ್ಮ ಹೊಸ ಕೋಷ್ಟಕಗಳಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಮನೆ. ಕೊನೆಯ ಹೆಸರೇ ಇಲ್ಲದವರು ತುಂಬಿರುವ ನಾಡಿನಲ್ಲಿ ಅದು ತುಂಬಲೇಬೇಕಾದ ಮನೆ. ಉರುಫ್‌ಗೆ ಮನೆಯಿಲ್ಲ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಅಂಥದ್ದೊಂದು ಕಾಲಂ ಇರಲಿ ಎಂದು ಬರೆದಿದ್ದೆ. ‘ಮುಂದಿನ ಹಂತದಲ್ಲಿ ಪರಿಶೀಲಿಸಬಹುದು’ ಎಂಬ ಷರಾ ಬಂತು. ಮುಂದಿನ ಹಂತ ಬರುವ ಹೊತ್ತಿಗೆ ಗುತ್ತಿಗೆ ಬೇರೆ ಕಂಪನಿಯದಾಗಿತ್ತು.

ಮಾನಕ ಎಂದರೆ ಹೀಗೇ ಇರಬೇಕೆಂದೇನಿಲ್ಲ. ಚಿಕ್ಕಮಗಳೂರಿನ ಯಾವುದೇ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ನೋಡಿ. ಅಲ್ಲಿಯ ಜರಡಿಗಳು ಯಾರ ಮುಲಾಜಿಗೂ ಒಳಪಡುವುದಿಲ್ಲ. ಕಾಳಿನ ಗಾತ್ರಕ್ಕೆ ತಕ್ಕಂತೆ ಎ, ಬಿ, ಸಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಕಾಳು ಬೆಳೆದು ದುಂಡಗಾದರೆ ಅದನ್ನು ಯಾರೂ ‘ತಾಳೆಯಾಗುತ್ತಿಲ್ಲ’ ಎಂದು ಎಸೆಯುವುದಿಲ್ಲ, ಅದಕ್ಕೆ ಪಿ.ಬಿ. ಎಂಬ ಸ್ವಂತ ದರ್ಜೆಯಿದೆ. ಕಪ್ಪು ಕಾಳು, ಒಡೆದ ಚೂರು, ಅದಕ್ಕೂ ಒಂದು ದರ್ಜೆ, ಒಂದು ಬೆಲೆ. ಕಾಫಿ ಬೋರ್ಡಿನ ಪೂಲ್ ಪದ್ಧತಿ 1990ರ ದಶಕದಲ್ಲಿ ಮುಗಿಯುವವರೆಗೂ ಸಣ್ಣವರ ಎರಡು ಮೂಟೆಯೂ ದೊಡ್ಡ ಎಸ್ಟೇಟಿನ ಲಾರಿ ಲೋಡೂ ಇದೇ ದರ್ಜೆಗಳಲ್ಲಿ ಬೆರೆತು ಪಾಯಿಂಟ್ ಲೆಕ್ಕದಲ್ಲಿ ಹಣ ಬರುತ್ತಿತ್ತು. ಪೂಲ್ ಬಗ್ಗೆ ಬೆಳೆಗಾರರಿಗೆ ನೂರು ದೂರುಗಳಿದ್ದವು, ಹಣ ಕಂತಿನಲ್ಲಿ ತಡವಾಗಿ ಬರುವುದೇ ಮುಖ್ಯವಾಗಿ. ಆದರೆ ಜರಡಿಯ ಬಗ್ಗೆ ಅಷ್ಟಾಗಿ ಇರಲಿಲ್ಲ. ಅದನ್ನು ಮಾಡಿದವರು ಕಾಳನ್ನು ಕೈಯಲ್ಲಿ ಹಿಡಿದು ನೋಡಿದವರು.

ಹೆಸರಿನ ಸಮಸ್ಯೆ ಒಂದು ಲೆಕ್ಕದಲ್ಲಿ ಸಣ್ಣದು. ಅಲ್ಲಿ ನಿಜ ಒಂದೇ, ಅಕ್ಕ ಒಬ್ಬರೇ. ಇನ್ನೊಂದಿದೆ, ಅಲ್ಲಿ ನಿಜವೇ ತೀರ್ಮಾನವಾಗಿಲ್ಲ. ಒಂದೇ ಸರ್ವೆ ನಂಬರು ಕಂದಾಯ ಇಲಾಖೆಯ ದಾಖಲೆಯಲ್ಲಿ ಹಿಡುವಳಿಯೋ ಗೋಮಾಳವೋ ಆಗಿದ್ದು, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡಾಗಿರುತ್ತದೆ. 1963ರ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಂದರೆ ಪ್ರಾಥಮಿಕ ಅಧಿಸೂಚನೆ, ಸೆಕ್ಷನ್ 17 ಅಂದರೆ ಅಂತಿಮ. ಇವೆರಡರ ನಡುವೆ ದಶಕಗಳಿಂದ ನೇತಾಡುತ್ತಿರುವ ಜಾಗಗಳು ನಮ್ಮ ಜಿಲ್ಲೆಯಲ್ಲಿವೆ. ಅವುಗಳಲ್ಲಿ ಕಾಫಿ ಹಾಕಿಕೊಂಡವರು, ಫಾರಂ 50, 53, 57 ಎಂದು ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು ಇದ್ದಾರೆ. ಅವರಲ್ಲಿ ಒಂದೆರಡು ಎಕರೆಯ ಬಡವರೂ ಇದ್ದಾರೆ, ಕಾಡು ನುಂಗಿದ ದೊಡ್ಡವರೂ ಇದ್ದಾರೆ.

ಎರಡು ಇಲಾಖೆಗಳ ಭಿನ್ನಾಭಿಪ್ರಾಯ ಎರಡು ಬೀರುಗಳಲ್ಲಿದ್ದಾಗ ಅದು ಭಿನ್ನಾಭಿಪ್ರಾಯವಾಗಿಯೇ ಇತ್ತು. ನಮ್ಮ ವೃತ್ತಿಯಲ್ಲಿ ‘ನಿಜಕ್ಕೆ ಒಂದೇ ಮೂಲ’ ಎಂಬುದು ಮಂತ್ರದಂತೆ ಕೇಳಿಬರುವ ಮಾತು. ಪ್ರತಿ ಮಾಹಿತಿಗೂ ಒಬ್ಬರೇ ಯಜಮಾನರು ಇರಬೇಕು. ಜನ್ಮದಿನಾಂಕಕ್ಕೆ ಅದು ಸರಿ. ಈ ಗುಡ್ಡ ಕಾಡೋ ತೋಟವೋ ಎಂಬುದಕ್ಕೆ? ತಂತ್ರಾಂಶ ಯಾವುದೋ ಒಂದು ಇಲಾಖೆಯನ್ನು ಯಜಮಾನನೆಂದು ಆರಿಸಲೇಬೇಕು, ಅಥವಾ ಎರಡೂ ಒಪ್ಪುವವರೆಗೆ ಬೀಗ ಹಾಕಬೇಕು. ಹನ್ನೊಂದನೇ ಕಾಲಂನಲ್ಲಿ ಒಂದು ಸಾಲು ಕೂತರೆ ಸಾಲವಿಲ್ಲ, ಪೋಡಿಯಿಲ್ಲ, ಮಾರಾಟವಿಲ್ಲ. ಜಂಟಿ ಸರ್ವೆ ನಡೆದು, ಸಂಬಂಧಪಟ್ಟವರ ಮಾತು ಕೇಳಿ ಅಧಿಕಾರಿಯೊಬ್ಬರು ಸಹಿ ಹಾಕಿ ಕೊಡಬೇಕಾದ ತೀರ್ಪನ್ನು ಕೋಷ್ಟಕದ ಜೋಡಣೆ ಸದ್ದಿಲ್ಲದೆ ಕೊಟ್ಟುಬಿಡುತ್ತದೆ. ಕಾಡು ಉಳಿಯಬೇಕು ಎನ್ನುವವನು ನಾನು. ಹಾಗೆಂದೇ ಈ ದಾರಿ ನನಗೆ ಸರಿಕಾಣುವುದಿಲ್ಲ. ಇಂದು ಬೀಗ ಕಾಡಿನ ಪರವಾಗಿ ಬಿದ್ದರೆ ನಾಳೆ ಯಜಮಾನರನ್ನು ಬದಲಾಯಿಸಿ ತೋಟದ ಪರವಾಗಿ ತೆಗೆಯಬಹುದು. ಅದಕ್ಕೂ ಯಾರ ಸಹಿಯೂ ಬೇಕಾಗುವುದಿಲ್ಲ.

ಹಳೆಯ ಸಹೋದ್ಯೋಗಿಗಳೊಡನೆ ಇದನ್ನು ಮಾತಾಡಿದಾಗ ಬರುವ ಉತ್ತರ ಒಂದೇ: ಪ್ರತಿ ವಿನಾಯಿತಿಗೂ ಬಾಗಿಲು ತೆರೆದರೆ ಕಳ್ಳರು ಅದೇ ಬಾಗಿಲಿನಿಂದ ಬರುತ್ತಾರೆ. ನಿಜ, ಬರುತ್ತಾರೆ. ಆದರೆ ನಾನು ಕೇಳುತ್ತಿರುವುದು ಬಾಗಿಲು ತೆರೆಯಿರಿ ಎಂದಲ್ಲ, ಬಾಗಿಲಲ್ಲಿ ಯಾರು ನಿಂತಿರಬೇಕು ಎಂದು. ತಾಳೆಯಾಗಲಿಲ್ಲ ಎಂದು ಪರದೆ ಹೇಳಿದ ಕ್ಷಣದಿಂದ ಅದು ಅರ್ಜಿದಾರರ ಕೆಲಸವಲ್ಲ, ಇಲಾಖೆಯ ಕೆಲಸವಾಗಬೇಕು. ಅದಕ್ಕೊಂದು ಸಂಖ್ಯೆ, ಒಬ್ಬ ಹೆಸರಿರುವ ಅಧಿಕಾರಿ, ಒಂದು ಗಡುವು ಇರಬೇಕು. ‘ಸಕಾಲ’ ಎಂದು ನಾವು ಕರೆಯುವ 2011ರ ಕಾಯ್ದೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಕೊಡಬೇಕೆನ್ನುತ್ತದೆ. ಒಳ್ಳೆಯ ಕಾನೂನು. ಆದರೆ ಕಾರಣ ಕೊಟ್ಟು ತಿರಸ್ಕರಿಸಿದರೂ ಗಡುವಿನೊಳಗೆ ವಿಲೇವಾರಿಯಾದಂತೆಯೇ. ‘ಹೆಸರು ಹೊಂದಿಕೆಯಾಗಿಲ್ಲ’ ಎಂಬುದು ಬರೆಯಲು ಅತಿ ಸುಲಭದ ಕಾರಣ.

ಇದು ಆಗದ ಮಾತು ಎನ್ನುವವರು ಈಚಿನ ಪೌತಿ ಖಾತೆ ಅಭಿಯಾನವನ್ನು ನೋಡಬೇಕು. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನು ಇನ್ನೂ ತೀರಿಹೋದವರ ಹೆಸರಿನಲ್ಲೇ ಇರುವುದು ಗೊತ್ತಾಯಿತು. ಆಗ ‘ವಾರಸುದಾರರೇ ಬನ್ನಿ’ ಎಂದು ಕೂರದೆ, ಗ್ರಾಮ ಆಡಳಿತ ಅಧಿಕಾರಿಗಳನ್ನೇ ಮನೆಗಳ ಕಡೆ ಕಳಿಸಿ ಖಾತೆ ಮಾಡಿಸುವ ಕೆಲಸಕ್ಕೆ ಇಲಾಖೆ ಕೈಹಾಕಿತು. ಎಲ್ಲೆಡೆ ಚೆನ್ನಾಗಿ ನಡೆಯಿತೆಂದು ನಾನು ಹೇಳುತ್ತಿಲ್ಲ. ಆದರೆ ತಾಳೆಯಾಗದ ಲೆಕ್ಕ ತನ್ನದು ಎಂದು ಸರ್ಕಾರ ಒಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದ ಉದಾಹರಣೆ ಅದು. ಸತ್ತವರ ಹೆಸರಿಗಾಗಿ ಇಷ್ಟು ಮಾಡಲು ಆಗುವುದಾದರೆ, ಎರಡು ಹೆಸರಿಟ್ಟುಕೊಂಡು ಬದುಕಿರುವವರಿಗಾಗಿ ಯಾಕೆ ಆಗದು ಎಂಬುದನ್ನು ಯಾವ ನಕ್ಷೆಯಲ್ಲೂ ಬರೆದಿಲ್ಲ.