ಸಂತೆಯಲ್ಲಿ ಮಲಗಿದವನ ನಿದ್ದೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.’ ಈ ಗಾದೆಯನ್ನು ನಾವು ಹೆಚ್ಚಾಗಿ ಆಡುವುದು ಎರಡು ಸಂದರ್ಭಗಳಲ್ಲಿ. ಬಸ್ಸಿನಲ್ಲೋ ಮದುವೆ ಛತ್ರದಲ್ಲೋ ಯಾರಾದರೂ ಕೂತಲ್ಲೇ ಗೊರಕೆ ಹೊಡೆದರೆ, ‘ಪುಣ್ಯವಂತ’ ಎಂದು ಮೆಚ್ಚಿಕೊಳ್ಳಲು. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ ಎಂದು ಯಾರಾದರೂ ಹೇಳಿಕೊಂಡರೆ, ‘ಸುಮ್ಮನೆ ಏನೇನೋ ಯೋಚನೆ ಮಾಡ್ತೀಯ, ಬಿಟ್ಹಾಕು’ ಎಂದು ಬುದ್ಧಿ ಹೇಳಲು. ಮೊದಲನೆಯ ಕಡೆ ಕಾಯಿಲೆ ಪುಣ್ಯವಾಗಿ ಕಾಣುತ್ತಿರಬಹುದು, ಎರಡನೆಯ ಕಡೆ ಕಾಯಿಲೆ ತಪ್ಪಾಗಿ ಕಾಣುತ್ತದೆ. ಗಾದೆ ಸುಳ್ಳಲ್ಲ, ನಾವು ಅದನ್ನು ಅವಸರದಲ್ಲಿ ಓದುತ್ತಿದ್ದೇವೆ.

ಚಿಂತೆ ನಿದ್ದೆಗೆಡಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ನಿದ್ದೆ ಎರಡು ಲೆಕ್ಕಗಳ ಮೇಲೆ ನಡೆಯುತ್ತದೆ ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದ್ದರು. ಎಚ್ಚರವಿದ್ದಷ್ಟು ಹೊತ್ತೂ ಏರುತ್ತಾ ಹೋಗುವ ನಿದ್ದೆಯ ಒತ್ತಡ ಒಂದು, ಬೆಳಕು ಕತ್ತಲೆಗೆ ಹೊಂದಿಕೊಂಡು ಓಡುವ ದೇಹದೊಳಗಿನ ಗಡಿಯಾರ ಇನ್ನೊಂದು. ಸಾಲದ ಕಂತು, ಮಗಳ ಮದುವೆ, ನಾಳೆ ಬರಬೇಕಾದ ಸ್ಕ್ಯಾನಿಂಗ್ ವರದಿ ತಲೆಯಲ್ಲಿ ಕೂತರೆ, ಈ ಎರಡು ಲೆಕ್ಕವೂ ಸರಿಯಿದ್ದರೂ ದೇಹ ಕಾವಲಿಗೆ ನಿಂತುಬಿಡುತ್ತದೆ. ಎದೆಬಡಿತ ಇಳಿಯುವುದಿಲ್ಲ, ಮೈ ಸಡಿಲವಾಗುವುದಿಲ್ಲ.

ಆದರೆ ಸಾಲ ತೀರಿದ ಮೇಲೂ, ಮದುವೆ ಮುಗಿದು ಮಗಳು ಸುಖವಾಗಿದ್ದ ಮೇಲೂ ನಿದ್ದೆ ಬಾರದವರು ಎಷ್ಟು ಮಂದಿ! ಗಾದೆಯನ್ನು ಮೇಲುಮೇಲೆ ಓದಿದರೆ ಇವರು ಅರ್ಥವಾಗುವುದಿಲ್ಲ. ನಿದ್ರಾಹೀನತೆಯನ್ನು ಶುರು ಮಾಡುವ ಕಾರಣವೇ ಬೇರೆ, ಅದನ್ನು ಉಳಿಸಿಕೊಂಡು ಹೋಗುವ ಕಾರಣವೇ ಬೇರೆ ಎಂದು ಅಮೆರಿಕದ ಆರ್ಥರ್ ಸ್ಪೀಲ್‌ಮನ್ 1980ರ ದಶಕದಲ್ಲಿ ಬಿಡಿಸಿ ಹೇಳಿದರು. ರಾತ್ರಿ ನಿದ್ದೆಯಾಗಲಿಲ್ಲವೆಂದು ಬೆಳಿಗ್ಗೆ ಎಂಟರವರೆಗೆ ಹೊರಳಾಡುತ್ತೇವೆ. ಮಧ್ಯಾಹ್ನ ಎರಡು ತಾಸು ಮಲಗುತ್ತೇವೆ. ಸುಸ್ತಿಗೆ ಸಂಜೆ ಆರಕ್ಕೆ ಗಟ್ಟಿ ಕಾಫಿ. ಅದರ ಕೆಫೀನಿನ ಸುಮಾರು ಅರ್ಧಪಾಲು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಉಳಿದಿರುತ್ತದೆ. ಇವತ್ತಾದರೂ ಬರಲಿ ಎಂದು ಒಂಬತ್ತಕ್ಕೇ ದೀಪ ಆರಿಸಿ ಕಾಯುತ್ತೇವೆ. ಕಾದಷ್ಟೂ ಅದು ದೂರ. ಗಡಿಯಾರ ನೋಡುವುದು, ಉಳಿದ ಗಂಟೆ ಎಣಿಸುವುದು, ‘ನಾಳೆ ಆಫೀಸಿನಲ್ಲಿ ಹೇಗೆ’ ಎಂದು ಬೆವರುವುದು. ಹಳೆಯ ಚಿಂತೆ ಹೋದ ಜಾಗದಲ್ಲಿ ನಿದ್ದೆಯೇ ಚಿಂತೆಯಾಗಿ ಬಂದು ಕೂರುತ್ತದೆ. ಅಂಥವರಿಗೆ ಮನೆಯ ಹಾಸಿಗೆಯೇ ಸಂತೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೆ ನಡೆದು ಹಗಲಿನ ಬದುಕೂ ಕೆಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ನಡವಳಿಕೆಯನ್ನೇ ತಿದ್ದುವ ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿತು. ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ಒಂದೇ ಇರಬೇಕು. ಹಾಸಿಗೆ ನಿದ್ದೆಗೆ ಮಾತ್ರ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣೆಳೆಯುವಾಗ ಮರಳಬೇಕು. ಓದಲು ಸಲೀಸು, ಮೊದಲ ಎರಡು ವಾರ ಬಹಳ ಕಷ್ಟ. ನಮ್ಮಲ್ಲಿ ಇದನ್ನು ಹೇಳಿಕೊಡುವವರು ಕಡಿಮೆ. ನಿದ್ದೆಗೆಂದು ವರ್ಷಗಟ್ಟಲೆ ಅಲ್ಪ್ರಜೊಲಾಮ್ ಮಾತ್ರೆ ನುಂಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ವಯಸ್ಸಾದವರು ಆ ಮಂಪರಿನಲ್ಲೇ ನಡುರಾತ್ರಿ ಬಚ್ಚಲಿಗೆ ಎದ್ದು, ಬಿದ್ದು, ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಆ ಮಾತ್ರೆಯನ್ನು ಒಮ್ಮೆಲೇ ಬಿಡುವುದೂ ಅಪಾಯ, ವೈದ್ಯರ ನಿಗಾದಲ್ಲಿ ಮೆಲ್ಲಗೆ ಇಳಿಸಬೇಕು.

ಈಗ ಸಂತೆಗೆ ಬರೋಣ. ಅಷ್ಟು ಗದ್ದಲದಲ್ಲಿ ಮಲಗಿದವನು ನಿಶ್ಚಿಂತನೇ ಎಂದು ಹೇಳಿದವರು ಯಾರು? ಲಾರಿಯಲ್ಲಿ ಈರುಳ್ಳಿ ಹೇರಿಕೊಂಡು ರಾತ್ರಿಯಿಡೀ ಪಯಣಿಸಿ ಯಶವಂತಪುರದ ಎಪಿಎಂಸಿಗೆ ಬಂದ ರೈತ ಮೂಟೆಗಳ ಮೇಲೆ ಒರಗಿ ಕಣ್ಣು ಮುಚ್ಚುತ್ತಾನೆ. ಅಂದಿನ ದರದ ಚಿಂತೆ ಅವನಿಗೆ ಬೆಟ್ಟದಷ್ಟಿದೆ. ಆದರೂ ನಿದ್ದೆ ಬಂತು, ಏಕೆಂದರೆ ದೇಹ ಬಾಕಿ ವಸೂಲಿ ಮಾಡುತ್ತಿದೆ.

ಇನ್ನೊಬ್ಬನಿದ್ದಾನೆ. ರಾತ್ರಿ ಎಂಟು ಗಂಟೆ ಮಲಗಿಯೂ ಹಗಲಿಡೀ ತೂಕಡಿಸುವವನು, ಬೆಳಿಗ್ಗೆ ತಲೆನೋವಿನೊಂದಿಗೆ ಏಳುವವನು, ಗೊರಕೆಗೆ ಮನೆಮಂದಿಯನ್ನೆಲ್ಲ ಎಬ್ಬಿಸುವವನು. ‘ಅವನದು ಒಳ್ಳೆ ನಿದ್ದೆ’ ಎಂದು ನಾವೆಲ್ಲ ಹೇಳುವುದು ಇವನನ್ನೇ. ಪಕ್ಕದಲ್ಲಿ ಮಲಗುವ ಹೆಂಡತಿಗೆ ಮಾತ್ರ ಗೊತ್ತು, ಗೊರಕೆ ಥಟ್ಟನೆ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರು. ಗಂಟಲಿನ ದಾರಿ ಕುಸಿದು ಗಾಳಿ ಹತ್ತು ಸೆಕೆಂಡಿಗೂ ಹೆಚ್ಚು ಕಟ್ಟುವುದು, ತೀವ್ರವಾದಲ್ಲಿ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ. ಇದೇ ಸ್ಲೀಪ್ ಅಪ್ನಿಯಾ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯಬಹುದು, ಮಿದುಳು ಗಾಬರಿಯಿಂದ ಅರೆ ಎಚ್ಚರಗೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಮಾತ್ರೆಗೂ ಜಗ್ಗದ ಬಿ.ಪಿ., ಹೃದಯಬಡಿತದ ಏರುಪೇರು, ಪಾರ್ಶ್ವವಾಯು, ಸ್ಟೀರಿಂಗ್ ಮೇಲಿನ ತೂಕಡಿಕೆ ಇದರ ಬೆನ್ನಿಗೇ ಬರುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚುತ್ತದೆ, ಅವರ ಗೊರಕೆಯ ಮಾತನ್ನು ಮನೆಯವರು ನಾಚಿಕೆಗೆ ಮುಚ್ಚಿಡುತ್ತಾರೆ. ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲೇ ಜಗತ್ತಿಗೆ ಕೊಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನಿದ್ದೆಯ ಪರೀಕ್ಷೆಗೆ ವ್ಯವಸ್ಥೆಯಿದೆ. ಎಷ್ಟೋ ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಗೊರಕೆ ಒಳ್ಳೆಯ ನಿದ್ದೆಯ ಗುರುತು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರಲ್ಲ.

‘ನಂಗೆ ಆರು ಗಂಟೆ ಸಾಕು, ಅಭ್ಯಾಸ ಆಗಿದೆ’ ಎನ್ನುವವರಿಗೂ ಒಂದು ಮಾತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 14 ದಿನ ಆರು ಗಂಟೆಯಷ್ಟೇ ಮಲಗಿದವರ ಗಮನಶಕ್ತಿ ಪೂರಾ ಜಾಗರಣೆ ಮಾಡಿದವರ ಮಟ್ಟಕ್ಕೆ ಕುಸಿದಿತ್ತು. ತಾವು ಅಷ್ಟು ಕುಸಿದಿದ್ದೇವೆಂದು ಅವರಿಗೆ ಮಾತ್ರ ಅನ್ನಿಸಿರಲಿಲ್ಲ.

ಗಾದೆ ಹೇಳದೆ ಬಿಟ್ಟ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ನಿದ್ದೆಗೆ ಚಿಂತೆಯಿಲ್ಲದ ಮನಸ್ಸಿದ್ದರೆ ಸಾಲದು, ಮಲಗಲು ರಾತ್ರಿಯೂ ಬೇಕು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವುದೇ ಸರಿರಾತ್ರಿಯಲ್ಲಿ. ಎರಡು ಗಂಟೆಗೆ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಹೆದರುತ್ತಾ ಹೊಲಕ್ಕೆ ಹೋಗಿ ನೀರು ತಿರುಗಿಸುವ ರೈತನಿಗೆ ‘ಚಿಂತೆ ಬಿಡು’ ಎಂದು ಹೇಳುವುದು ಹೇಗೆ? ಆನೆ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ಕಾಡಂಚಿನವರಿಗೆ, ಪಾಳಿ ಬದಲಾದಂತೆ ಹಗಲು ರಾತ್ರಿ ಅದಲುಬದಲಾಗುವ ನರ್ಸುಗಳಿಗೆ? ರಾತ್ರಿ ಪಾಳಿಯ ಕೆಲಸ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ 2019ರಲ್ಲೂ ಹೇಳಿದೆ. 2019ರಲ್ಲೇ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸಿ ಹಗಲಲ್ಲೇ ಪಂಪ್‌ಸೆಟ್ ನಡೆಸುವ ದಾರಿಯಿದೆ. ಅದರ ಲಾಭನಷ್ಟವನ್ನು ಇಂಧನ ಇಲಾಖೆ ಯೂನಿಟ್ಟುಗಳಲ್ಲಿ, ರೂಪಾಯಿಗಳಲ್ಲಿ ಎಣಿಸುತ್ತದೆ. ಆರೋಗ್ಯ ಇಲಾಖೆಯೂ ಆ ಮೇಜಿನ ಬಳಿ ಕೂತು, ರೈತರಿಗೆ ಮರಳಿ ಸಿಗುವ ರಾತ್ರಿಗಳನ್ನು ಲೆಕ್ಕಕ್ಕೆ ಸೇರಿಸಬೇಕು.