ಎರಡು ಕಾಲೇಜು, ಒಂದು ಸೀಟು

ಮೆಡಿಕಲ್ ಕಾಲೇಜಿನ ಮೊದಲ ಮೇಷ್ಟ್ರು ರೋಗಿ. ಆ ಮೇಷ್ಟ್ರು ದಿನವೂ ತಪ್ಪದೆ ಬರುವ ಕಾಲೇಜು ಒಳ್ಳೆಯ ಕಾಲೇಜು.

ನೀಟ್‌ನಲ್ಲಿ 720ಕ್ಕೆ ಎಷ್ಟು ಬಂತು ಎಂಬುದು ಸೀಟು ಕೊಡಿಸುತ್ತದೆ. ಆ ಸೀಟಿನಲ್ಲಿ ಐದೂವರೆ ವರ್ಷ ಕೂತು ಎಂಥ ವೈದ್ಯರಾಗಿ ಏಳುತ್ತೇವೆ ಎಂಬುದನ್ನು ಯಾವ ರ‍್ಯಾಂಕೂ ಹೇಳಲಾರದು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರಲ್ಲಿ. ಅದರ ಮಗ್ಗುಲಲ್ಲಿ ಮೆಡಿಕಲ್ ಕಾಲೇಜು ಬಂದದ್ದು 1955ರಲ್ಲಿ. ಮಣಿಪಾಲದ ಕಥೆ ತಿರುಗುಮುರುಗು: 1953ರಲ್ಲಿ ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ಅಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ರೋಗಿಗಳ ಹತ್ತಿರ ಕಲಿಯುವುದಕ್ಕೆ ವಿದ್ಯಾರ್ಥಿಗಳು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೆ ಹೋದರು. ಆಸ್ಪತ್ರೆಯ ಪಕ್ಕ ಕಾಲೇಜು ಕಟ್ಟಿದರೂ ಸರಿ, ಕಾಲೇಜಿನಿಂದ ಆಸ್ಪತ್ರೆಗೆ ಹೋದರೂ ಸರಿ. ಬಡವರು ನಂಬಿಕೊಂಡು ಬರುವ ಒಂದು ಆಸ್ಪತ್ರೆ ಇಲ್ಲದೆ ಎರಡೂ ಕಾಲೇಜುಗಳ ಕೆಲಸ ಸಾಗಲಿಲ್ಲ.

ಇಷ್ಟು ಸೀಟಿಗೆ ಇಷ್ಟು ಹಾಸಿಗೆ ಇರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮವಿದೆ. ಹಾಸಿಗೆಗಳನ್ನು ಯಾರು ಬೇಕಾದರೂ ಎಣಿಸಬಹುದು. ಅವುಗಳ ಮೇಲೆ ಯಾರು ಮಲಗಿದ್ದಾರೆ, ಅವರು ಮನೆಗೆ ಹೋದ ದಿನವೇ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆಯೇ ಎಂದು ನೋಡಿ ಬಂದವರು ಕಾಲೇಜನ್ನು ಅರ್ಧ ನೋಡಿದಂತೆಯೇ.

ಕಾಲೇಜು ನೋಡಲು ಭಾನುವಾರ ಹೋಗಬೇಡಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಚೀಟಿ ಕೊಡುವ ಕಿಟಕಿಯ ಹತ್ತಿರ ನಿಲ್ಲಿ.

ಹಳೆಯ ಕಾಲೇಜೋ, ಹೊಸ ಜಿಲ್ಲಾ ಕಾಲೇಜೋ? ಹಳೆಯದರಲ್ಲಿ ನುರಿತ ಪ್ರೊಫೆಸರುಗಳು, ಅಪರೂಪದ ಕೇಸುಗಳು, ಎಲ್ಲ ವಿಭಾಗಗಳಲ್ಲೂ ಪಿಜಿ ವಿದ್ಯಾರ್ಥಿಗಳು. ಆ ಪಿಜಿಗಳೇ ಕೆಲವೊಮ್ಮೆ ಎಂಬಿಬಿಎಸ್ ಹುಡುಗರ ಪಾಲಿಗೆ ಅಡ್ಡಗೋಡೆ. ಹೆರಿಗೆ ಮಾಡಿಸುವವರು ಪಿಜಿ, ಹೊಲಿಗೆ ಹಾಕುವವರು ಪಿಜಿ, ಹುಡುಗ ಮೂರನೆಯ ಸಾಲಿನಲ್ಲಿ ನಿಂತು ಕತ್ತು ಚಾಚುತ್ತಾನೆ. ಪಿಜಿಗಳು ಕಡಿಮೆ ಇರುವ ಜಿಲ್ಲಾ ಕಾಲೇಜಿನಲ್ಲಿ ಇಂಟರ್ನ್‌ಗೆ ಕೈತುಂಬ ಕೆಲಸ ಸಿಗುತ್ತದೆ, ಆದರೆ ತಪ್ಪಿದಾಗ ಪಕ್ಕದಲ್ಲಿ ನಿಂತು ತಿದ್ದುವ ಹಿರಿಯರು ಸಾಕಷ್ಟು ಇರದೆ ಹೋಗಬಹುದು. ನೋಡಿ ಕಲಿಯುವುದೂ ಬೇಕು, ಮಾಡಿ ಕಲಿಯುವುದೂ ಬೇಕು. ಆರಿಸಲೇಬೇಕೆಂದರೆ ನನ್ನ ಒಲವು ಮಾಡಿ ಕಲಿಯುವ ಕಡೆಗೆ, ತಿದ್ದುವವರು ಒಬ್ಬರಾದರೂ ಇದ್ದಾರೆ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಶುರುವಾಯಿತು. ಅದರಡಿ ಓದುವ ಬೀದರ್‌ನ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ. ನಡುರಾತ್ರಿ ಉಸಿರು ಕಟ್ಟಿದ ಕೂಸನ್ನು ಎತ್ತಿಕೊಂಡು ಬಂದ ತಾಯಿ ಆ ಪದವಿಯ ಕಾಗದವನ್ನು ಕೇಳುವುದಿಲ್ಲ.

ರೋಗಕ್ಕೂ ಊರಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಶಿವಮೊಗ್ಗದಲ್ಲಿ ಓದುವವರಿಗೆ ಅದು ಪುಸ್ತಕದ ಅಡಿಟಿಪ್ಪಣಿಯಲ್ಲ. ಅದೇ ಜಿಲ್ಲೆಯ ಸಾಗರ ಸೀಮೆಯಲ್ಲಿ ಕೀಲುಗಳನ್ನು ಹಿಂಡುವ ಹಂದಿಗೋಡು ಕಾಯಿಲೆಯಿದೆ. ಕರಾವಳಿಯ ಮಳೆಗಾಲ ಇಲಿಜ್ವರವನ್ನೂ ಮಲೇರಿಯಾವನ್ನೂ ಕಲಿಸುತ್ತದೆ. ರಾಯಚೂರು, ಕೊಪ್ಪಳದ ಕಡೆ ಫ್ಲೋರೈಡ್ ನೀರು ಹಲ್ಲು ಮೂಳೆಗಳ ಮೇಲೆ ತನ್ನ ಗುರುತು ಬಿಟ್ಟಿರುತ್ತದೆ. ಭತ್ತ, ಹತ್ತಿ ಬೆಳೆಯುವ ಸೀಮೆಗಳಲ್ಲಿ ಕೀಟನಾಶಕ ಕುಡಿದವರನ್ನು ಬದುಕಿಸುವ ಕೆಲಸ ಇಂಟರ್ನ್‌ನ ರಾತ್ರಿ ಪಾಳಿಯದು. ಬೆಂಗಳೂರಿಗೆ ಎಲ್ಲ ಜಿಲ್ಲೆಗಳ ರೋಗಿಗಳೂ ಬರುತ್ತಾರೆ, ನಿಜ. ಬರುವಷ್ಟರಲ್ಲಿ ಎರಡು ಆಸ್ಪತ್ರೆ ದಾಟಿ, ಫೈಲು ದಪ್ಪವಾಗಿ, ಕಾಯಿಲೆಗೆ ಹೆಸರೂ ಬಿದ್ದಿರುತ್ತದೆ. ಹೆಸರಿಲ್ಲದ ಜ್ವರವನ್ನು ಮೊದಲ ದಿನವೇ ಎದುರಿಸುವ ಪಾಠ ಜಿಲ್ಲೆಯಲ್ಲಿ ಹೆಚ್ಚು ಸಿಗುತ್ತದೆ.

ಎರಡು ಕಾಲೇಜುಗಳ ನಡುವೆ ಆರಿಸುವುದೆಂದರೆ ಎರಡು ಬಗೆಯ ರೋಗಿಗಳ ನಡುವೆ ಆರಿಸುವುದು.

ವೆನ್‌ಲಾಕ್‌ನಲ್ಲಿ ತುಳು, ಬ್ಯಾರಿ, ಗಡಿಯಾಚೆಯ ಮಲಯಾಳ ಕಿವಿಗೆ ಬೀಳುತ್ತವೆ. ಬಳ್ಳಾರಿಯಲ್ಲಿ ತೆಲುಗು, ಬೀದರಿನಲ್ಲಿ ಉರ್ದು, ಮರಾಠಿ. ಮೈಸೂರಿನಲ್ಲಿ ಬೆಳೆದ ಹುಡುಗನಿಗೆ ಕಲಬುರಗಿಯ ಕನ್ನಡವೂ ಮೊದಮೊದಲು ಹೊಸದೇ. ಹೊಟ್ಟೆನೋವನ್ನು ಒಬ್ಬ ಅಜ್ಜಿ ತನ್ನ ಮಾತಿನಲ್ಲಿ ಹೇಳುವಾಗ ಅರ್ಥವಾಗದೆ ತಲೆಯಾಡಿಸುವ ವೈದ್ಯ ಅರ್ಧ ರೋಗವನ್ನು ಅಲ್ಲೇ ಬಿಟ್ಟು ಬರುತ್ತಾನೆ. ದೂರದ ಕಾಲೇಜು ಸಿಕ್ಕಿತೆಂದು ಕೊರಗುವವರೇ, ಹೊಸ ಮಾತು ಕಲಿಯುವ ಭಾಗ್ಯವನ್ನೂ ಆ ಸೀಟಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಶುಲ್ಕದ ಮಾತನ್ನು ಮನೆಯಲ್ಲಿ ಪಿಸುಗುಟ್ಟಬಾರದು. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿನದು ವರ್ಷಕ್ಕೆ ಸಾವಿರಗಳ ಲೆಕ್ಕ. ಡೀಮ್ಡ್ ವಿಶ್ವವಿದ್ಯಾಲಯದ್ದು ಹಲವು ಲಕ್ಷಗಳದ್ದು. ಹೊಲವನ್ನೋ ಮನೆಯನ್ನೋ ಅಡವಿಟ್ಟು ತಂದ ಸಾಲವು ಕಾಲೇಜು ಮುಗಿದ ಮೇಲೂ ವಿದ್ಯಾರ್ಥಿಯ ಜೊತೆಗೇ ಬರುತ್ತದೆ. ಯಾವ ವಿಷಯದಲ್ಲಿ ಪಿಜಿ ಮಾಡಬೇಕು, ಯಾವ ಊರಲ್ಲಿ ಕ್ಲಿನಿಕ್ ತೆರೆಯಬೇಕು, ಎದುರಿಗೆ ಕೂತ ಬಡ ರೋಗಿಗೆ ಯಾವ ಸ್ಕ್ಯಾನ್ ಬರೆಯಬೇಕು ಎಂಬುದರಲ್ಲೂ ಅದು ತಲೆಹಾಕುತ್ತದೆ. ಒಳ್ಳೆಯ ಮನಸ್ಸಿನ ಎಳೆಯರನ್ನು ಸಾಲ ಕೆಡಿಸಬಲ್ಲದು. ಎರಡು ಕಾಲೇಜುಗಳಲ್ಲಿ ಪಾಠ ಹೆಚ್ಚುಕಡಿಮೆ ಒಂದೇ ಎನಿಸಿದರೆ ಕಡಿಮೆ ಸಾಲದ್ದನ್ನು ಆರಿಸಿ, ಹಿಂದೆಮುಂದೆ ನೋಡಬೇಡಿ.

ಕಾಲೇಜಿನ ಹೆಸರು ಮದುವೆ ಪತ್ರಿಕೆಯಲ್ಲಿ ಚೆನ್ನಾಗಿ ಕಾಣಬಹುದು. ವಾರ್ಡಿನಲ್ಲಿ ಅದನ್ನು ಯಾರೂ ಓದುವುದಿಲ್ಲ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ಬೋಧನೆ, ಸಂಶೋಧನೆಗಳ ಜೊತೆಗೆ ಶಿಕ್ಷಣ ಕ್ಷೇತ್ರದವರ, ಉದ್ಯೋಗದಾತರ ಅಭಿಪ್ರಾಯಕ್ಕೂ ಅಂಕವಿದೆ. ಸಂಶೋಧನೆಯ ಒಲವಿದ್ದವರಿಗೆ ಆ ಪಟ್ಟಿ ಉಪಯೋಗ. ಎರಡನೆಯ ವರ್ಷದ ಹುಡುಗಿಗೆ ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಮರ್ಮರ್ ಕೇಳಿಸಲು ಯಾರಾದರೂ ಹತ್ತು ನಿಮಿಷ ನಿಲ್ಲುತ್ತಾರೆಯೇ ಎಂಬುದನ್ನು ಮೂರನೆಯ ವರ್ಷದವರನ್ನೇ ಕೇಳಬೇಕು.

ಅನಾಟಮಿ ಹಾಲಿನಲ್ಲಿ ಒಂದು ದೇಹದ ಸುತ್ತ ಎಷ್ಟು ಜನ ನಿಲ್ಲುತ್ತಾರೆ ಎಂದೂ ಕೇಳಿ. 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ಬೆಳಗಾವಿಯ ಆಯುರ್ವೇದ ಕಾಲೇಜೊಂದರಲ್ಲಿ, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಅಂಥ ದಾನದ ಬೆಲೆ ತಿಳಿದ ಅನಾಟಮಿ ವಿಭಾಗ ಸಿಕ್ಕವರು ಪುಣ್ಯವಂತರು.

ಸಂವಿಧಾನದ 371(ಜೆ) ಕಲಂನ ಮೀಸಲಾತಿಯಲ್ಲಿ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟುಗಳಿವೆ. ಹೀಗಾಗಿ ರಾಯಚೂರಿನ ಹುಡುಗಿಯೊಬ್ಬಳಿಗೆ ತನ್ನ ಊರಿನ ಕಾಲೇಜೂ ಬೆಂಗಳೂರಿನದೂ ಎಟಕುವ ವರ್ಷ ಬರುತ್ತದೆ. ಅವಳು ಬೆಂಗಳೂರಿಗೆ ಹೊರಟರೆ ಬೈಯಬೇಡಿ. ಹದಿನೆಂಟರ ಹೆಗಲ ಮೇಲೆ ಇಡೀ ಜಿಲ್ಲೆಯ ಆರೋಗ್ಯದ ಹೊಣೆ ಹೊರಿಸುವುದು ನ್ಯಾಯವಲ್ಲ. ಆ ಹೊಣೆ ಸರ್ಕಾರದ್ದು. ಆದರೆ ರಾಯಚೂರಿನ ಕಾಲೇಜು ಕೈಲಾಗದವರಿಗೆ ಎಂಬ ಮಾತನ್ನು ಮಾತ್ರ ಅವಳ ಕಿವಿಗೆ ಹಾಕಬೇಡಿ. ವೈದ್ಯರು ಹೆಚ್ಚು ಬೇಕಾದ ಕಡೆ ಕಲಿಯುವುದು ಕಡಿಮೆ ದರ್ಜೆಯ ಕಲಿಕೆ ಹೇಗಾದೀತು?

ಡಾ. ಎಚ್. ಸುದರ್ಶನ್ ಓದಿದ್ದು ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ. 1981ರಲ್ಲಿ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ, ಸೋಲಿಗರ ನಡುವೆ. ಓದಿದ ಊರು ಬದುಕುವ ಊರನ್ನು ಕಟ್ಟಿಹಾಕುವುದಿಲ್ಲ.

ಹಾಸ್ಟೆಲಿನ ಊಟ, ಮನೆಗೆ ರಾತ್ರಿ ಬಸ್ಸು, ಅಳು ಬಂದಾಗ ಬಾಗಿಲು ತಟ್ಟಬಹುದಾದ ಒಬ್ಬ ಸೀನಿಯರ್. ಇವನ್ನು ಸಣ್ಣ ವಿಷಯ ಎನ್ನುವವರು ಮೊದಲ ವರ್ಷದ ಇಂಟರ್ನಲ್ಸ್ ಬರೆಯುವ ಹುಡುಗರನ್ನು ಹತ್ತಿರದಿಂದ ನೋಡಿಲ್ಲ.

ಪಿಯುಸಿಯಲ್ಲಿ ಕೋಚಿಂಗ್, ಫೈನಲ್ ಇಯರ್‌ನಲ್ಲಿ ಮತ್ತೆ ಪಿಜಿ ನೀಟ್ ಕೋಚಿಂಗ್. ಇವೆರಡರ ನಡುವೆ ಸಿಗುವ ವಾರ್ಡಿನ ವರ್ಷಗಳು ಮರಳಿ ಬರುವುದಿಲ್ಲ. ವಿದ್ಯಾರ್ಥಿಗಳನ್ನು ಲೈಬ್ರರಿಯಿಂದ ಎಬ್ಬಿಸಿ ರೋಗಿಯ ಹತ್ತಿರ ಕರೆದೊಯ್ಯುವ ಯೂನಿಟ್ ಚೀಫ್ ಇದ್ದರೆ ಆ ಕಾಲೇಜಿಗೆ ಬೇರೆ ಶಿಫಾರಸು ಬೇಡ.

ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿಯಲ್ಲಿ ಹೋದ ವರ್ಷದ ಕಟ್‌ಆಫ್ ನೋಡಿಕೊಂಡು ಕಾಲೇಜುಗಳನ್ನು ಜೋಡಿಸುವವರಿದ್ದಾರೆ. ಸೀಟು ಹಂಚುವುದು ಮೊದಲು ರ‍್ಯಾಂಕು, ಆಮೇಲೆ ನೀವು ಬರೆದ ಕ್ರಮ ನೋಡಿ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ. ಬೇಡದ್ದನ್ನು ಮೇಲೆ ಬರೆದರೆ ಬೇಕಾದದ್ದು ಕೈತಪ್ಪಬಹುದು.

ಮಾಕ್ ಅಲಾಟ್‌ಮೆಂಟ್ ಬಂದ ಸಂಜೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ದೊಡ್ಡಪ್ಪನಿಗೆ ಬೆಂಗಳೂರೇ ಆಗಬೇಕು, ಅತ್ತೆಗೆ ಮನೆಗೆ ಹತ್ತಿರವಿದ್ದರೆ ಸಾಕು. ಹೆಣ ಕೊಯ್ಯಲು, ರಾತ್ರಿ ಪಾಳಿ ಮಾಡಲು, ಸತ್ತ ರೋಗಿಯ ಮಗನಿಗೆ ಸುದ್ದಿ ಹೇಳಲು ಅವರಾರೂ ಬರುವುದಿಲ್ಲ.

ತಂದೆ ತಾಯಂದಿರೇ, ಹಣದ ಲೆಕ್ಕ ಬಿಚ್ಚಿ ಹೇಳಿ, ಎರಡೂ ಆಸ್ಪತ್ರೆಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದು ಬೆಳಿಗ್ಗೆ ಕಳೆಯಿರಿ. ಆಮೇಲೆ ಕೆಇಎ ಲಾಗಿನ್ನಿನ ಪಾಸ್‌ವರ್ಡನ್ನು ಅವರ ಕೈಗೇ ಕೊಟ್ಟುಬಿಡಿ.